ತೇಜಾ ದಂಡೆಯ ಚೀಟಿ ಬಟ್ಟೆ

ಎಲ್ಲರಿಗೂ ನಮಸ್ಕಾರ.

ಊರಿನ ಲಾಂಛನ ಅಂದರೆ ಸಾಮಾನ್ಯವಾಗಿ ಸಿಂಹ, ಹದ್ದು, ಕತ್ತಿ, ಕೋಟೆ. ರಷ್ಯದ ಶೂಯಾ ಪಟ್ಟಣಕ್ಕೆ 1781ರಲ್ಲಿ ಸಿಕ್ಕ ಲಾಂಛನದಲ್ಲೂ ಮೇಲರ್ಧದಲ್ಲಿ ಸಿಂಹವಿದೆ, ಅದು ವ್ಲಾದಿಮಿರ್ ಪ್ರಾಂತ್ಯದ್ದು. ಕೆಳಗೆ ಕೆಂಪು ನೆಲದ ಮೇಲೆ ಇರುವುದು ಒಂದು ಸಾಬೂನಿನ ಗಟ್ಟಿ! ಶೂಯಿಸ್ಕಿ ಎಂಬ ದೊಡ್ಡ ಮನೆತನಕ್ಕೆ ಹೆಸರು ಕೊಟ್ಟ ಊರಿದು. ಆ ಮನೆತನದ ವಸೀಲಿ 1606ರಿಂದ 1610ರವರೆಗೆ ತ್ಸಾರ್ ಆಗಿ ಆಳಿದ್ದಾನೆ. ಹಾಗಿದ್ದೂ ಊರಿನ ಗುರುತು ಸಾಬೂನು. ಅಲ್ಲಿನ ಹಳೆಯ ಕಸುಬು ಅದೇ ಆಗಿತ್ತು. ನನಗೆ ಈ ಊರಿನ ಮೇಲೆ ಅಕ್ಕರೆ ಹುಟ್ಟಿದ್ದು ಈ ಸಾಬೂನಿನಿಂದ. ಇವತ್ತು ಹೇಳಹೊರಟಿರುವುದು ಮಾತ್ರ ಈ ಸೀಮೆಯ ಇನ್ನೊಂದು ಕಸುಬು, ಹತ್ತಿ ಬಟ್ಟೆಗೆ ಹೂವಿನ ಅಚ್ಚು ಹಾಕುವ ಕೆಲಸ.

ಊರು ಇರುವುದು ತೇಜಾ ನದಿಯ ಮೇಲೆ. ಹೆಸರು ಕೇಳಿದರೆ ನಮ್ಮ ಬೀದಿಯ ಹುಡುಗನನ್ನು ಕರೆದಂತಿದೆ, ಆದರೆ ನದಿ ಅಚ್ಚ ರಷ್ಯದ್ದು. ತೇಜಾ ಹೋಗಿ ಕ್ಲ್ಯಾಜ್ಮಾ ಸೇರುತ್ತದೆ, ಕ್ಲ್ಯಾಜ್ಮಾ ಓಕಾ ನದಿಯನ್ನು, ಓಕಾ ವೋಲ್ಗಾವನ್ನು. ಓಕಾ ಮತ್ತು ವೋಲ್ಗಾ ಕೂಡುವ ನೀಜ್ನಿ ನೊವ್ಗೊರೊದ್‌ನಲ್ಲಿ 1817ರಿಂದ ರಷ್ಯದ ಅತಿ ದೊಡ್ಡ ಜಾತ್ರೆ ನಡೆಯುತ್ತಿತ್ತು. ಅಂದರೆ ಶೂಯಾದ ಬಟ್ಟೆ ಹೊರೆಗೆ ಸಂತೆಯವರೆಗೂ ನೀರಿನ ದಾರಿಯಿತ್ತು. ತೇಜಾದಲ್ಲಿ ನೀರು ಸಾಲದ್ದಕ್ಕೆ 1830ರ ದಶಕದಲ್ಲಿ ಮರದ ಕಟ್ಟೆಗಳನ್ನೂ ದೋಣಿ ದಾಟಿಸುವ ಬಾಗಿಲುಗಳನ್ನೂ ಕಟ್ಟಿದರು. 1868ರಲ್ಲಿ ರೈಲು ಬಂತು, ದೋಣಿಗಳ ಕಾಲ ಹಿಂದೆ ಸರಿಯಿತು.

ಆದರೆ ಬಟ್ಟೆಯವರಿಗೆ ನದಿ ಬೇಕಾದದ್ದು ಸಾಗಾಟಕ್ಕಷ್ಟೇ ಅಲ್ಲ. ಅಚ್ಚಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮರದ ಅಚ್ಚು, ಅದರ ಸಣ್ಣ ಗೆರೆಗಳಿಗೆ ತಾಮ್ರದ ತಂತಿ ಹೊಡೆದಿರುತ್ತಾರೆ. ಅಚ್ಚಿಗೆ ಹಚ್ಚುವುದು ಬಣ್ಣವನ್ನಲ್ಲ, ಗಂಜಿಯಲ್ಲಿ ಕಲಸಿದ ಪಟಿಕ. ಬಟ್ಟೆಯ ಮೇಲಿಟ್ಟು ಕೊಡತಿಯಿಂದ ಒಂದು ಏಟು. ಆಗ ಕಣ್ಣಿಗೆ ಹೂವಿನ ಬಣ್ಣ ಕಾಣುವುದಿಲ್ಲ. ಮಂಜಿಷ್ಠದ ಜಾತಿಯ ಬೇರು ಕುದಿಸಿದ ಹಂಡೆಗೆ ಇಳಿಸಿದಾಗ ಪಟಿಕ ಬಿದ್ದ ಕಡೆ ಮಾತ್ರ ಕೆಂಪು ಕಚ್ಚಿಕೊಳ್ಳುತ್ತದೆ. ಉಳಿದ ಕಡೆ ಹಿಡಿದ ಮಾಸಲನ್ನು ತೆಗೆಯಲು ಮತ್ತೆ ಮತ್ತೆ ಜಾಲಿಸಬೇಕು, ದಂಡೆಯ ಹುಲ್ಲಿನ ಮೇಲೆ ಹರವಿ ಬಿಸಿಲಿಗೆ ಬಿಡಬೇಕು. ನಡುವೆ ಒಂದು ಸಗಣಿ ನೀರಿನ ಸ್ನಾನವೂ ಇತ್ತು. ನಗಬೇಡಿ, ಯುರೋಪಿನ ಅಚ್ಚುಗಾರರೆಲ್ಲ ಬಳಸುತ್ತಿದ್ದ ಉಪಾಯ ಅದು. ಇಷ್ಟಕ್ಕೂ ಹರಿಯುವ ನೀರು ಬೇಕೇ ಬೇಕು. ಹಾಗಾಗಿ ಗಿರಣಿಗಳೆಲ್ಲ ದಂಡೆಗೆ ಅಂಟಿಕೊಂಡವು, ಅವು ಬಿಟ್ಟ ಕೊಳೆಯನ್ನೂ ನದಿಯೇ ಕುಡಿಯಿತು.

ಈ ಅಚ್ಚಿನ ಬಟ್ಟೆಗೆ ರಷ್ಯನ್ ಭಾಷೆಯಲ್ಲಿ ‘ಸಿತೆತ್ಸ್’ ಎನ್ನುತ್ತಾರೆ. ಡಚ್ಚರ ‘ಸಿಟ್ಸ್’ನಿಂದ ಬಂದದ್ದು, ಡಚ್ಚರಿಗೆ ಅದು ಭಾರತದಿಂದ ಹೋದದ್ದು, ಬೇರು ಸಂಸ್ಕೃತದ ‘ಚಿತ್ರ’. ಚೀಟಿ ಬಟ್ಟೆ ಅನ್ನುತ್ತಾರಲ್ಲ ನಮ್ಮ ಹಿರಿಯರು, ಅದೇ ಚೀಟಿ. ಇವತ್ತು ರಷ್ಯದ ಹಳ್ಳಿಯ ಅಜ್ಜಿಯನ್ನು ನೆನೆದರೆ ಹೂವಿನ ಅಚ್ಚಿನ ಲಂಗ ಕಣ್ಣಿಗೆ ಬರುತ್ತದೆ. ಇದಕ್ಕಿಂತ ರಷ್ಯದ್ದು ಇನ್ನೇನಿದೆ ಅನ್ನಿಸುತ್ತದೆ. ಆ ಅಜ್ಜಿಯ ಲಂಗದ ಹೆಸರು ಸಮುದ್ರ ದಾಟಿ ಬಂದದ್ದು.

ಶೂಯಾದಿಂದ ಮೂವತ್ತು ಕಿಲೋಮೀಟರಿನಷ್ಟು ದೂರದ ಇವಾನೊವೊ ಆಗ ಬರೀ ಹಳ್ಳಿ, ಕೌಂಟ್ ಶೆರೆಮೆತೆವ್ ಮನೆತನದ ಸ್ವತ್ತು. ಅಲ್ಲಿನ ಗಿರಣಿ ಮಾಲೀಕರ ಪಾಡು ವಿಚಿತ್ರ. ನೂರಾರು ಆಳುಗಳನ್ನು ದುಡಿಸುವ ಸಾಹುಕಾರ, ಆದರೆ ತಾನೇ ಒಡೆಯನ ಜೀತದಾಳು! ಎಫೀಮ್ ಗ್ರಚೋವ್ ಎಂಬವನು 1795ರಲ್ಲಿ ಒಡೆಯನಿಗೆ ಲಕ್ಷ ರೂಬಲ್‌ಗೂ ಮಿಕ್ಕ ಹಣ ಸುರಿದು ಬಿಡುಗಡೆ ಪಡೆದ. 1812ರಲ್ಲಿ ನೆಪೋಲಿಯನ್ ಹೊಕ್ಕ ಮಾಸ್ಕೋ ಹೊತ್ತಿ ಉರಿದು ಅಲ್ಲಿನ ಗಿರಣಿಗಳು ಬೂದಿಯಾದಾಗ ಗಿರಾಕಿಗಳೆಲ್ಲ ಈ ಕಡೆ ತಿರುಗಿದರು. 1871ರಲ್ಲಿ ಇವಾನೊವೊ ಹಳ್ಳಿ ಇವಾನೊವೊ-ವೊಜ್ನೆಸೆನ್ಸ್ಕ್ ಎಂಬ ನಗರವಾಯಿತು. ಹಾಗೆ ಬೆಳೆದ ಮೇಲೂ ಕಾಗದದಲ್ಲಿ ಅದು ಪುಟ್ಟ ಶೂಯಾ ಜಿಲ್ಲೆಗೆ ಸೇರಿದ ಊರು. ತಾಲ್ಲೂಕು ಕಚೇರಿ ಒಂದೂರಲ್ಲಿ, ವ್ಯಾಪಾರ ಇನ್ನೊಂದೂರಲ್ಲಿ ಇರುವ ತಮಾಷೆ ನಮಗೇನು ಹೊಸದೇ?

ಅದೇ ಇವಾನೊವೊದಲ್ಲಿ 1905ರ ಮೇ ತಿಂಗಳಲ್ಲಿ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಊರ ನಡುವಿನ ಚೌಕದಲ್ಲಿ ಸೇರಬೇಡಿ ಅಂದರು ಅಧಿಕಾರಿಗಳು, ಜನ ತಾಲ್ಕಾ ನದಿಯ ದಂಡೆಗೆ ಹೋದರು. ಮಾಲೀಕರ ಜೊತೆ ಮಾತಾಡಲು ಆರಿಸಿದ ಪ್ರತಿನಿಧಿಗಳು 151 ಮಂದಿ. ಆ ಮಂಡಳಿಗೆ ‘ಸೋವಿಯೆತ್’ ಎಂಬ ಹೆಸರು ನಿಂತಿತು, ಮುಂದೆ ಒಂದು ದೇಶದ ಹೆಸರೊಳಗೇ ಆ ಪದ ಕೂತಿತು.

ಆ ದೇಶ ಚೀಟಿ ಬಟ್ಟೆಯನ್ನೂ ಬಿಡಲಿಲ್ಲ. 1920ರ ದಶಕದ ಕೊನೆಗೆ ಹೂಬಳ್ಳಿ ಹಳತಾಯಿತೆಂದು ಟ್ರ್ಯಾಕ್ಟರು, ವಿಮಾನ, ಗಿರಣಿ ಚಿಮಣಿಗಳನ್ನೇ ಲಂಗದ ಬಟ್ಟೆಗೆ ಅಚ್ಚು ಹಾಕಿದರು. ಕೆಲವು ನಿಜಕ್ಕೂ ಸೊಗಸಾಗಿವೆ, ಸಾಲು ಟ್ರ್ಯಾಕ್ಟರುಗಳು ದೂರದಿಂದ ಹೂವಿನಂತೆಯೇ ಕಾಣುತ್ತವೆ. ಕಡೆಗೆ ಆಳುವ ಕಮ್ಯುನಿಸ್ಟ್ ಪಕ್ಷದ ‘ಪ್ರಾವ್ದಾ’ ಪತ್ರಿಕೆಯೇ 1933ರಲ್ಲಿ ಗೇಲಿ ಮಾಡಿತು: ಮುಂದೆ ನೋಡಿದರೆ ಟ್ರ್ಯಾಕ್ಟರು, ಹಿಂದೆ ನೋಡಿದರೆ ಕೊಯ್ಲಿನ ಯಂತ್ರ! ಹೂಗಳು ಮರಳಿ ಬಂದವು. ಗಿರಣಿಗೆ ಹತ್ತಿ ಬರುತ್ತಿದ್ದುದು ಮಧ್ಯ ಏಷ್ಯಾದಿಂದ. 1991ರಲ್ಲಿ ಉಜ್ಬೆಕಿಸ್ತಾನ ಬೇರೆ ದೇಶವಾದಾಗ ಹತ್ತಿಯ ಲೆಕ್ಕಾಚಾರ ತಲೆಕೆಳಗಾಯಿತು, ಆ ಸೀಮೆಯ ಎಷ್ಟೋ ಗಿರಣಿಗಳು ಬಾಗಿಲು ಹಾಕಿದವು.

ಇನ್ನೊಬ್ಬರನ್ನು ಹೇಳದೆ ಇಳಿದರೆ ನನಗೇ ಸಮಾಧಾನವಿರದು. 1867ರಲ್ಲಿ ಶೂಯಾ ಜಿಲ್ಲೆಯ ಗೂಮ್ನಿಷಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಕವಿ ಕೊನ್ಸ್ತಂತೀನ್ ಬಾಲ್ಮೊಂತ್. ಶೂಯಾದ ಶಾಲೆಯಲ್ಲಿ ಓದಿದರು, ಗುಪ್ತ ಗುಂಪಿಗೆ ಸೇರಿದರೆಂದು ಅಲ್ಲಿಂದ ಹೊರಬಿದ್ದರು. ಮುಂದೆ ಕಾಳಿದಾಸನ ಶಾಕುಂತಲವನ್ನು ರಷ್ಯನ್ನಿಗೆ ತಂದರು. 1914ರ ಡಿಸೆಂಬರಿನಲ್ಲಿ ಮಾಸ್ಕೋದ ಕಾಮೆರ್ನಿ ರಂಗಮಂದಿರ ಬಾಗಿಲು ತೆರೆದದ್ದು ಆ ಅನುವಾದದ ಪ್ರಯೋಗದಿಂದ. ಚೀಟಿ ಬಟ್ಟೆಯ ಸೀಮೆಯಿಂದ ಹೋದ ಕವಿ ರಷ್ಯನ್ನರ ಮುಂದೆ ತಂದು ನಿಲ್ಲಿಸಿದ ಹುಡುಗಿ ಮೊದಲ ಅಂಕದಲ್ಲಿ ಉಟ್ಟಿರುವುದು, ನಿಮಗೆ ಗೊತ್ತೇ ಇದೆ, ನಾರುಮಡಿ.