ಕೆಎ 12 ಅಂದರೆ ಸಾಕು, ಕೈ ಬೀಸುತ್ತೇವೆ

ನಮಸ್ಕಾರ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ನೀವೂ ನೋಡಿರುತ್ತೀರಿ. ಕಾರಿನ ಹಿಂದಿನ ಗಾಜಿನ ಮೇಲೆ ಕೊಡವರ ಬಾಗಿದ ಕತ್ತಿ ಒಡಿಕತ್ತಿ, ಕೋವಿ, ಕೆಳಗೆ ದೊಡ್ಡದಾಗಿ ಕೂರ್ಗ್. ನಂಬರ್ ಪ್ಲೇಟ್ ನಮ್ಮ ಕೊಡಗಿನ ಕೆಎ 12 ಆಗಿದ್ದರಂತೂ ಮುಗಿಯಿತು. ಪರಿಚಯ ಇರಲಿ, ಇಲ್ಲದಿರಲಿ, ಹಾರ್ನ್ ಹೊಡೆದು ಕೈ ಬೀಸುತ್ತೇವೆ. ನಾನೂ ಬೀಸುತ್ತೇನೆ. ನಮ್ಮೂರಿನವರು ಅಂದ ತಕ್ಷಣ ಒಳಗೊಂದು ಖುಷಿ, ಅಲ್ವಾ?

ಆಮೇಲೆ ಮಾತಿಗೆ ಸಿಕ್ಕರೆ ಮೊದಲ ಪ್ರಶ್ನೆ ಒಂದೇ. "ಯಾವ ಮನೆಯವರು?" ಹೆಸರು, ಕೆಲಸ ಎಲ್ಲ ಆಮೇಲೆ. ಕೊಡವರಲ್ಲಿ ಮನೆಹೆಸರೇ ಮುಂದೆ ಬರುತ್ತದೆ. ದೇಶಕ್ಕೆಲ್ಲ ಅವರು ಜನರಲ್ ಕಾರ್ಯಪ್ಪ, ನಮ್ಮಲ್ಲಿ ಕೊಡಂದೇರ ಕಾರ್ಯಪ್ಪ. ನಮ್ಮ ಅರೆಭಾಷೆ ಗೌಡರ ಮನೆಗಳಲ್ಲೂ ಕಥೆ ಬೇರೆ ಅಲ್ಲ. ಮನೆ ಯಾವುದು, ಬಳಿ (ಅಂದರೆ ಗೋತ್ರದ ಹಾಗೆ) ಯಾವುದು ಅಂತ ತಿಳಿಯುವ ತನಕ ಅಜ್ಜಿಗೆ ಸಮಾಧಾನ ಇಲ್ಲ. ತಿಳಿದ ಮೇಲೆ ಕಾಫಿ ಆರುವ ಮೊದಲೇ ಎಲ್ಲೋ ಒಂದು ನೆಂಟಸ್ತಿಕೆ ಹುಡುಕಿ ಕೊಡುತ್ತಾರೆ.

ಈ ಹೆಮ್ಮೆ ಚಂದವಾಗಿ ಕಾಣುವ ಜಾಗವೂ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. ಆ ವರ್ಷ 60 ಕುಟುಂಬ ಆಡಿದವು. 2024ರಲ್ಲಿ ಕುಂಡ್ಯೋಳಂಡ ಕುಟುಂಬದವರು ನಾಪೋಕ್ಲುವಿನಲ್ಲಿ ನಡೆಸಿದಾಗ 360 ತಂಡ! ಅಜ್ಜ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಸ್ಟಿಕ್ ಹಿಡಿದು ಓಡುವುದನ್ನು ಬೇರೆಲ್ಲಿ ನೋಡುತ್ತೀರಿ? ದುಬೈನಲ್ಲಿ ಕೆಲಸ ಮಾಡುವವನು ರಜೆ ಹಾಕಿ ಬಂದು, ಮೊದಲ ಮ್ಯಾಚಲ್ಲೇ ಸೋತು, ನಗುತ್ತಾ ಹಿಂದಕ್ಕೆ ಹೋಗುತ್ತಾನೆ. ಬೇರು ಅಂದರೆ ಇದು ಅಂತ ನನಗೆ ಅನಿಸುತ್ತದೆ. ಯಾರನ್ನೂ ಕೀಳು ಮಾಡುವುದಿಲ್ಲ, ಸುಮ್ನೆ ಎಲ್ಲರನ್ನೂ ಊರಿಗೆ ಎಳೆದು ತರುತ್ತದೆ.

ಇನ್ನೊಂದು ಹೆಮ್ಮೆ ಇದೆ, ಸ್ವಲ್ಪ ನೋವು ಬೆರೆತದ್ದು. "ನಮ್ಮದೇ ಒಂದು ರಾಜ್ಯ ಇತ್ತು" ಅನ್ನುವುದು. ಸುಳ್ಳಲ್ಲ. 1952ರ ಚುನಾವಣೆಯಲ್ಲಿ ಕೊಡಗಿಗೆ 24 ಸೀಟಿನ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮೈಸೂರಿನ ಜೊತೆ ಸೇರುವುದು ಬೇಡ ಅಂದವರ ಮುಂದಾಳು ಪಂದ್ಯಂಡ ಬೆಳ್ಯಪ್ಪ. ಅವರ ಗುಂಪಿಗೆ ತಕ್ಕಡಿ ಪಾರ್ಟಿ ಅಂತಲೇ ಹೆಸರು, 9 ಸೀಟು ಗೆದ್ದಿದ್ದರು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಅದೆಲ್ಲ ಮುಗಿಯಿತು. ಈಗ ಇಡೀ ಜಿಲ್ಲೆಗೆ ಇಬ್ಬರು ಶಾಸಕರು, ಸಂಸದರನ್ನು ಮೈಸೂರಿನ ಜೊತೆ ಹಂಚಿಕೊಂಡಿದ್ದೇವೆ. ಹಿರಿಯರು ಹೊಟ್ಟೆ ಉರಿದುಕೊಂಡು ಮಾತಾಡಿದರೆ ನನಗೆ ಅರ್ಥ ಆಗುತ್ತದೆ.

ನನ್ನ ತಕರಾರು ಇರುವುದು ಈ ಹೆಮ್ಮೆಯನ್ನು ಅಳತೆಗೋಲು ಮಾಡಿಕೊಂಡು ತಿರುಗುವವರ ಮೇಲೆ. ಯಾರು ಅಸಲಿ, ಯಾರು ಬಂದವರು ಅಂತ ಲೆಕ್ಕ ಹಾಕುವವರ ಮೇಲೆ. ಆ ಲೆಕ್ಕಕ್ಕೆ ಕೂತರೆ ನಮ್ಮ ಗೌಡರಲ್ಲಿ ಬಹಳ ಮನೆಗಳು ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಸುಳ್ಯದ ಕಡೆಯಿಂದ ಘಟ್ಟ ಹತ್ತಿ ಬಂದವು. ಆ ಅರಸರ ಮನೆತನವೂ ಹೊರಗಿಂದಲೇ ಬಂದದ್ದು. 1837ರಲ್ಲಿ ಬ್ರಿಟಿಷರು ತಮ್ಮ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೆ ಹಾಕಿದರಲ್ಲ, ನಿಮ್ಮ ಮೂಲ ಯಾವುದು ಅಂತ ಕೇಳಿ ಹಾಕಿದರಾ?

"ಹೊರಗಿನವರು ಬಂದು ಊರು ಹಾಳು ಮಾಡಿದರು." ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಇದು ದಿನದ ಸುಪ್ರಭಾತ. ಬೆಟ್ಟ ಅಗೆಯುವುದನ್ನು ಬೈಯಬೇಕು, ನಾನೂ ಬೈಯುತ್ತೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಇವತ್ತಿಗೂ ಮಳೆ ಜೋರಾದರೆ ನಿದ್ದೆ ಇಲ್ಲ. ಆದರೆ ರೆಸಾರ್ಟ್ ಎದ್ದಿರುವ ಆ ಜಾಗದ ಕ್ರಯಪತ್ರಕ್ಕೆ ಸಹಿ ಹಾಕಿದ್ದು ಯಾರು? ಕಾಫಿಗೆ ರೇಟಿಲ್ಲದ ವರ್ಷಗಳಿದ್ದವು, ತೋಟಕ್ಕೆ ಆನೆ ಬರುತ್ತದೆ, ಕೆಲಸಕ್ಕೆ ಆಳು ಸಿಗುವುದಿಲ್ಲ. ಕಷ್ಟಕ್ಕೆ ಮಾರಿದವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಮಾರಿದ ದುಡ್ಡಲ್ಲಿ ತೆಗೆದ ಕಾರಿಗೆ ಒಡಿಕತ್ತಿ ಅಂಟಿಸಿಕೊಂಡು "ಕೊಡಗು ಉಳಿಸಿ" ಅನ್ನುವವರನ್ನು ಕಂಡರೆ ಮಾತ್ರ ನಗು ಬರುತ್ತದೆ.

ಸರಿ, ಅಳೆಯಲೇಬೇಕು ಅಂತೀರಾ? ಹಾಗಾದರೆ ಪೂರ್ತಿ ಅಳೆಯೋಣ. ಯರವರು, ಜೇನು ಕುರುಬರು, ಬೆಟ್ಟ ಕುರುಬರು, ಕುಡಿಯರು. ಈ ಕಾಡಿನಲ್ಲಿ ಅವರಿಗಿಂತ ಹಳಬರು ಯಾರಿದ್ದಾರೆ? ದಕ್ಷಿಣ ಕೊಡಗಿನಲ್ಲಿ ಎಷ್ಟೋ ಯರವ ಕುಟುಂಬಗಳು ತಲೆಮಾರುಗಳಿಂದ ತೋಟದ ಲೈನ್ ಮನೆಯಲ್ಲೇ, ಅಂದರೆ ಮಾಲೀಕರು ಆಳುಗಳಿಗೆ ಕೊಡುವ ಸಾಲುಮನೆಯಲ್ಲೇ ಇವೆ. ಗದ್ದೆ ನೆಟ್ಟದ್ದು ಅವರು, ಕಾಫಿ ಕೊಯ್ದದ್ದು ಅವರು. ಅವರಿಗೆ ಪಹಣಿ ಇಲ್ಲ. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. "ಯಾವ ಮನೆಯವರು" ಅಂತ ಅವರನ್ನು ಯಾರೂ ಕೇಳುವುದಿಲ್ಲ, "ಯಾರ ತೋಟದವರು" ಅಂತ ಕೇಳುತ್ತಾರೆ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ 500ಕ್ಕೂ ಜಾಸ್ತಿ ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತು ಹಾಕಿದರು. ಲೈನ್ ಮನೆಯ ಬಾಳು ಸಾಕು ಅಂತ ಹೊರಬಂದವರು ಅವರಲ್ಲಿ ಬಹಳ ಮಂದಿ. ಕಾಗದದಲ್ಲಿ ಅವರ ಹೆಸರು ಅತಿಕ್ರಮಣಕಾರರು! ಚಳಿಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತು ಹೋರಾಡಿದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು. ಆಗ ನಮ್ಮ ಮೂಲ ನಿವಾಸಿ ಹೆಮ್ಮೆಯ ಜನ ಎಷ್ಟು ಮಂದಿ ಅಲ್ಲಿಗೆ ಹೋಗಿದ್ದೆವು? ಬಿಡಿ, ಉತ್ತರ ನಿಮಗೂ ಗೊತ್ತು.

ಕಾಡಿನ ಜಾಗದ ಹಕ್ಕು ಕೇಳಿ ಹಾಕಿದ ಇನ್ನೂ ಎಷ್ಟೋ ಹಾಡಿಗಳ, ಅಂದರೆ ಆದಿವಾಸಿ ಕೇರಿಗಳ, ಅರ್ಜಿ ಬಾಕಿ ಇವೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಂದು ಅನುಕೂಲ ಇದೆ, ಬಹಳ ಜನ ಗಮನಿಸಿಲ್ಲ. ಅರ್ಜಿ ಗಟ್ಟಿಯಾಗಲು ಒಂದಕ್ಕಿಂತ ಜಾಸ್ತಿ ಸಾಕ್ಷ್ಯ ಬೇಕು. ಅರ್ಜಿ ಹಾಕದ ಹಿರಿಯರೊಬ್ಬರು ಹೇಳಿ ಬರೆಸಿದ ಮಾತೂ ಅದರಲ್ಲಿ ಒಂದು ಸಾಕ್ಷ್ಯ ಅಂತ ನಿಯಮದಲ್ಲೇ ಇದೆ. ಯಾವ ಹಾಡಿ ಯಾವ ತೋಡಿನ (ಹಳ್ಳದ) ಪಕ್ಕ ಇತ್ತು, ಅವರ ದೇವರ ಜಾಗ ಎಲ್ಲಿ, ಸತ್ತವರನ್ನು ಹೂಳುತ್ತಿದ್ದದ್ದು ಎಲ್ಲಿ, ಇದೆಲ್ಲ ನಮ್ಮ ಅಜ್ಜಂದಿರಿಗೆ ಬಾಯಿಪಾಠ. ಹುತ್ತರಿ ಹಬ್ಬಕ್ಕೆ ಊರಿಗೆ ಹೋದಾಗ ಅವರ ಹತ್ತಿರ ಕೂತು ಕೇಳಿ. ಅರಣ್ಯ ಹಕ್ಕಿನ ಗ್ರಾಮಸಭೆ ಯಾವತ್ತು ಅಂತ ಪಂಚಾಯ್ತಿಯಲ್ಲಿ ವಿಚಾರಿಸಿ. ಅಜ್ಜನನ್ನು ಜೀಪು ಹತ್ತಿಸಿ ಕರೆದುಕೊಂಡು ಹೋಗಿ, ಹೇಳಿದ್ದನ್ನು ಬರೆಸಿ, ಕೆಳಗೆ ಸಹಿ ಹಾಕಿಸಿ ಬನ್ನಿ.