ಚೈನೀಸ್ ಹೋಟೆಲಿನಲ್ಲಿ ಬಿಳಿ ಅನ್ನ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಮಕ್ಕಳನ್ನು ನೋಡಲು ಬೆಂಗಳೂರಿಗೆ ಹೊರಡುವವರು ಕೊಡಗಿನಲ್ಲಿ ಬಹಳ ಮಂದಿ. ಅಲ್ಲಿ ಒಂದು ಸಂಜೆಯಾದರೂ ಮಕ್ಕಳು ಚೈನೀಸ್ ಹೋಟೆಲಿಗೆ ಕರೆದುಕೊಂಡು ಹೋಗುತ್ತಾರೆ. ದಪ್ಪನೆಯ ಮೆನು ಕೈಗೆ ಬರುತ್ತದೆ. ಅಪ್ಪನಿಗೊಂದು ಫ್ರೈಡ್ ರೈಸ್, ಅಮ್ಮನಿಗೊಂದು ನೂಡಲ್ಸ್, ಮಗನಿಗೆ ಇನ್ನೊಂದು ಫ್ರೈಡ್ ರೈಸ್ ಎಂದು ಹೇಳಿ ಮುಗಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಳಿ ಅನ್ನ ಕೇಳಿ. ಮೆನುವಿನಲ್ಲಿ ‘ಸ್ಟೀಮ್ಡ್ ರೈಸ್’ ಎಂದು ಇರುತ್ತದೆ. ಅನ್ನ ತರಿಸಿ, ನಾಲ್ಕು ಬಗೆಯ ಪದಾರ್ಥ ಮೇಜಿನ ನಡುವೆ ಇಟ್ಟುಕೊಂಡು ಎಲ್ಲರೂ ಹಂಚಿಕೊಂಡು ಉಣ್ಣಿ.

ಯಾಕೆ ಅಂದರೆ, ಉಪ್ಪು. ಈ ಅಡುಗೆಗೆ ಉಪ್ಪು ಬರುವುದು ಬಹುಪಾಲು ಸೋಯಾ ಸಾಸಿನಿಂದ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ಸೋಯಾ ಸಾಸಿನಲ್ಲಿ 2 ಗ್ರಾಮಿಗಿಂತ ಹೆಚ್ಚು ಉಪ್ಪಿರುತ್ತದೆ. ಗ್ರೇವಿಗೂ ಅದೇ ಸಾಸ್, ಫ್ರೈಡ್ ರೈಸಿಗೂ ಅದೇ ಸಾಸ್. ಎರಡನ್ನೂ ಕಲಸಿಕೊಂಡರೆ ಉಪ್ಪಿನ ಮೇಲೆ ಉಪ್ಪು, ಎಣ್ಣೆಯ ಮೇಲೆ ಎಣ್ಣೆ. ಐದು ತುತ್ತಿಗೆ ನಾಲಿಗೆ ಸೋಲುತ್ತದೆ, ರಾತ್ರಿಯಿಡೀ ಬಾಯಾರಿಕೆ. ನಮ್ಮ ಪಂದಿಕರಿಯ, ಅಂದರೆ ಹಂದಿ ಸಾರಿನ ಜೊತೆಗೆ ಸಪ್ಪೆ ಅಕ್ಕಿ ಉಂಡೆ ಕಡಂಬುಟ್ಟು ಇರುತ್ತದಲ್ಲ, ಚೈನೀಸ್ ಊಟದಲ್ಲಿ ಬಿಳಿ ಅನ್ನಕ್ಕಿರುವುದು ಅದೇ ಕೆಲಸ.

ನಾಲ್ಕು ಜನಕ್ಕೆ ನಾಲ್ಕು ಪದಾರ್ಥ, ಎರಡು ಬಟ್ಟಲು ಅನ್ನ ಸಾಕು. ಆರಿಸುವಾಗ ಹೆಸರು ನೋಡಬೇಡಿ, ಬೇಯಿಸಿದ ಬಗೆ ನೋಡಿ. ಆವಿಯಲ್ಲಿ ಬೆಂದದ್ದು ಒಂದು, ಮೀನಾದರೆ ಬಹಳ ಒಳ್ಳೆಯದು. ಡ್ರೈ ಆಗಿ ಹುರಿದದ್ದು ಒಂದು. ಗ್ರೇವಿ ಇರುವುದು ಒಂದೇ ಒಂದು. ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು ಒಂದು. ಚಿಲ್ಲಿ ಚಿಕನ್, ಗಾರ್ಲಿಕ್ ಚಿಕನ್, ಮಂಚೂರಿಯನ್ ಮೂರನ್ನೂ ಒಟ್ಟಿಗೆ ತರಿಸುವವರಿದ್ದಾರೆ. ಮೂರೂ ಕಾರ್ನ್‌ಫ್ಲೋರಿನಲ್ಲಿ ಅದ್ದಿ ಕರಿದ ಕೋಳಿ, ಮೂರಕ್ಕೂ ಸೋಯಾ ಸಾಸ್. ದುಡ್ಡು ಮೂರು ಪಾಲು, ರುಚಿ ಒಂದೇ.

ಮಂಚೂರಿಯನ್ ಅಂದಮೇಲೆ ಅದರ ಕಥೆ ಹೇಳಲೇಬೇಕು. ಗೋಬಿ ಮಂಚೂರಿ ತಿನ್ನದ ಮಕ್ಕಳು ಕೊಡಗಿನಲ್ಲಿ ಸಿಗುವುದು ಕಷ್ಟ. ಆದರೆ ಅದು ಚೀನಾದ ಮಂಚೂರಿಯಾದಿಂದ ಬಂದದ್ದಲ್ಲ, ಹುಟ್ಟಿದ್ದು ಮುಂಬೈಯಲ್ಲಿ. ನೆಲ್ಸನ್ ವಾಂಗ್ ಎಂಬ ಬಾಣಸಿಗರು ಕೋಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದವರು. ಕೆಲಸ ಹುಡುಕಿಕೊಂಡು ಮುಂಬೈಗೆ ಬಂದರು. 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅಡುಗೆ ಮಾಡುತ್ತಿದ್ದಾಗ ಗಿರಾಕಿಯೊಬ್ಬರು ಮೆನುವಿನಲ್ಲಿ ಇಲ್ಲದ್ದು ಏನಾದರೂ ಬೇಕು ಎಂದರಂತೆ. ವಾಂಗ್ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಸಣ್ಣಗೆ ಹೆಚ್ಚಿ ಬಾಣಲೆಗೆ ಹಾಕಿದರು. ಅಲ್ಲಿಯವರೆಗೆ ಅದು ನಮ್ಮ ಯಾವುದೇ ಮನೆಯ ಒಗ್ಗರಣೆ. ಮುಂದೆ ಗರಂ ಮಸಾಲೆ ಬೀಳಬೇಕಾದ ಹೊತ್ತಿಗೆ ಅವರು ಹಾಕಿದ್ದು ಸೋಯಾ ಸಾಸ್! ಆಮೇಲೆ ಕಾರ್ನ್‌ಫ್ಲೋರ್ ಕದಡಿದ ನೀರು ಹಾಕಿ ಮಂದ ಮಾಡಿದರು, ಕೋಳಿ ತುಂಡು ಅದರೊಳಗೆ ಬಿದ್ದಿತು. ಎಷ್ಟು ಸರಳ, ಎಷ್ಟು ಜಾಣತನ! ಅವರು ಮುಂದೆ ಚೈನಾ ಗಾರ್ಡನ್ ಎಂಬ ಸ್ವಂತ ಹೋಟೆಲು ತೆರೆದರು. ಕೋಳಿಯ ಜಾಗಕ್ಕೆ ಹೂಕೋಸು ಬಂದು, ಆ ಪದಾರ್ಥ ತಳ್ಳುಗಾಡಿ ಏರಿ ಊರೂರು ಸೇರಿತು. ಅದಕ್ಕೆ ಬೆರೆಸುತ್ತಿದ್ದ ಕೃತಕ ಬಣ್ಣವನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಕುಂಕುಮದಷ್ಟು ಕೆಂಪಗಿದ್ದರೆ ತಟ್ಟೆ ವಾಪಸು ಕಳಿಸಿ.

ಈ ಕಥೆಯಲ್ಲಿ ನೀವು ಗಮನಿಸಬೇಕಾದದ್ದು ಕಾರ್ನ್‌ಫ್ಲೋರ್. ಆ ಮಂದ ಗ್ರೇವಿ ಅನ್ನದ ಅಗುಳಿಗೆ ಅಂಟಿಕೊಂಡು ಬಾಯಿಗೆ ಬರಬೇಕು ಎಂದೇ ಹಾಗೆ ಮಾಡುವುದು. ಹಾಗಾಗಿ ಬಿಳಿ ಅನ್ನ. ಇನ್ನೊಂದು ಮಾತು: ಬಡಿಸುವ ಚಮಚ ಬೇರೆ ಇರಲಿ. ನಮ್ಮ ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಹಿಟ್ಟನ್ನು ಕರಗಿಸುತ್ತದೆ. ತಿಂದ ಚಮಚವನ್ನು ನಡುವಿನ ಬಟ್ಟಲಿಗೆ ಹಾಕುತ್ತಿದ್ದರೆ, ಮಂದವಾಗಿದ್ದ ಗ್ರೇವಿ ಸ್ವಲ್ಪ ಹೊತ್ತಿಗೆ ನೀರುನೀರಾಗುತ್ತದೆ. ಅಡುಗೆಯವರನ್ನು ಬೈದು ಪ್ರಯೋಜನವಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಹಂದಿ ಮಾಂಸ ತಿನ್ನುವವರು ‘ಟ್ವೈಸ್ ಕುಕ್ಡ್ ಪೋರ್ಕ್’ ಇದೆಯೇ ಎಂದು ಕೇಳಿ. ಚರ್ಮ ಕೊಬ್ಬು ಸಮೇತ ಹೊಟ್ಟೆಯ ಭಾಗವನ್ನು ಇಡಿಯಾಗಿ ಬೇಯಿಸಿ, ಆರಿಸಿ, ತೆಳ್ಳಗೆ ಕೊಯ್ದು, ಕೊಬ್ಬು ಸುರುಳಿಯಾಗುವವರೆಗೆ ಮತ್ತೆ ಬಾಣಲೆಯಲ್ಲಿ ಹುರಿಯುತ್ತಾರೆ. ಕೊಡಗಿನ ನಾಲಿಗೆಗೆ ಇದು ಹಿಡಿಸದೆ ಇರುವುದಿಲ್ಲ. ಇದಕ್ಕಂತೂ ಬಿಳಿ ಅನ್ನವೇ ಆಗಬೇಕು.

ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಯಲ್ಲಿ ನಾಲಿಗೆ ಮರಗಟ್ಟಿದ ಹಾಗಾದರೆ ಹೆದರಬೇಡಿ. ಅದು ಸಿಚುವಾನ್ ಪೆಪ್ಪರಿನ ಗುಣ. ನಮ್ಮ ಪಶ್ಚಿಮ ಘಟ್ಟದ ಜುಮ್ಮನಕಾಯಿ, ಕರಾವಳಿಯವರು ಮೀನು ಸಾರಿಗೆ ಹಾಕುವ ಆ ತೆಪ್ಪಳ, ಅದೇ ಕುಲದ ಮರದ್ದು. ಒಣಮೆಣಸಿನ ರಾಶಿಯನ್ನು ಪರಿಮಳಕ್ಕೆ ಹಾಕಿರುತ್ತಾರೆ, ಬದಿಗೆ ಸರಿಸಿ.

ಸಸ್ಯಾಹಾರಿಗಳು ಎರಡು ಪ್ರಶ್ನೆ ಕೇಳಲೇಬೇಕು. ಸೊಪ್ಪಿಗೆ ಆಯ್ಸ್ಟರ್ ಸಾಸ್, ಅಂದರೆ ಸಮುದ್ರದ ಚಿಪ್ಪುಜೀವಿಯಿಂದ ಮಾಡಿದ ಸಾಸ್ ಹಾಕಿದ್ದೀರಾ? ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿದ್ದೀರಾ? ತೋಫು ಅಂದರೆ ಸೋಯಾ ಪನೀರ್, ಆದರೆ ‘ಮಾಪೋ ತೋಫು’ ಹೆಸರು ಕೇಳಿ ಮೋಸ ಹೋಗಬೇಡಿ, ಅದಕ್ಕೆ ಸಾಮಾನ್ಯವಾಗಿ ಕೊಚ್ಚಿದ ಮಾಂಸ ಹಾಕುತ್ತಾರೆ.

ಚಾಪ್‌ಸ್ಟಿಕ್ಸ್ ಹಿಡಿದರೆ ಕೆಳಗಿನ ಕಡ್ಡಿ ಅಲುಗಬಾರದು, ಮೇಲಿನದು ಮಾತ್ರ ಆಡಬೇಕು. ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅವರಲ್ಲಿ ತೀರಿಹೋದವರಿಗೆ ಹಚ್ಚುವ ಊದುಬತ್ತಿಯ ನೆನಪು ಬರುತ್ತದೆ. ಕಡ್ಡಿ ಹಿಡಿಯಲು ಬರದಿದ್ದರೆ ಚಮಚ ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಕೊನೆಯದು, ಪಾರ್ಸೆಲ್. ಮಿಕ್ಕ ಅನ್ನವನ್ನು ಕಟ್ಟಿಸಿಕೊಂಡು ಮಡಿಕೇರಿಗೆ ಬಸ್ಸಿನಲ್ಲಿ ತರಬೇಡಿ. ದಾರಿ ಐದಾರು ಗಂಟೆಯದು. ಬೆಂದ ಅನ್ನ ಹೊರಗೆ 2 ಗಂಟೆಗಿಂತ ಹೆಚ್ಚು ಇದ್ದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಂತಿ ಶುರುವಾಗುತ್ತದೆ. ಮಿಕ್ಕದ್ದನ್ನು ಮಕ್ಕಳ ಮನೆಯ ಫ್ರಿಜ್ಜಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಹಬೆಯಾಡುವಷ್ಟು ಬಿಸಿ ಮಾಡಿ, ಅಲ್ಲೇ ತಿಂದು ಬಸ್ಸು ಹತ್ತಿ.

ನಮಸ್ಕಾರ.