ಮುದ್ರೆ ಬಿಡಿ, ಮಣ್ಣು ನೋಡಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸುತ್ತಿದೆ ಅಲ್ವಾ?

ಹರಾಜಿನವರು ಈಗ ಐವತ್ತು, ಅರವತ್ತರ ದಶಕದ ಒರಟು ಮಡಕೆಗಳಿಗೆಲ್ಲ ‘ಬ್ರೂಟಲಿಸ್ಟ್’ (ಹಸಿ ಕಾಂಕ್ರೀಟಿನ ಒರಟು ಕಟ್ಟಡಗಳ ಶೈಲಿಯ ಹೆಸರು) ಅಂತ ಚೀಟಿ ಅಂಟಿಸುತ್ತಿದ್ದಾರೆ. ಕೊಳ್ಳುವವರು ಮೊದಲು ಏನು ಮಾಡುತ್ತಾರೆ? ಬೋರಲು ಹಾಕಿ ತಳದಲ್ಲಿ ಕುಂಬಾರ ಒತ್ತಿದ ಹೆಸರಿನ ಮುದ್ರೆ ಹುಡುಕುತ್ತಾರೆ. ನನ್ನ ತಕರಾರೇ ಅದು.

ಫೆದರ್‌ಸ್ಟೋನ್ ಜೈಲಿನ ಕಥೆ ನಿಮಗೆ ಗೊತ್ತಿರಬಹುದು. ಗೊತ್ತಿದ್ದರೂ ಹೇಳುತ್ತೇನೆ, ನನಗೆ ಅಷ್ಟು ಇಷ್ಟ. 1980ರ ಆಸುಪಾಸು, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಹತ್ತಿರ. ಕೈದಿಗಳು ಸುಧಾರಿಸಲಿ ಅಂತ ಕುಂಬಾರಿಕೆ ಕಲಿಸಿದರು. ಕಲಿತರು, ಚೆನ್ನಾಗೇ ಕಲಿತರು! ಹೆಸರಾಂತ ಬ್ರಿಟಿಷ್ ಕುಂಬಾರ ಬರ್ನಾರ್ಡ್ ಲೀಚ್ ಅವರ ಥರದ ಮಡಕೆ ಮಾಡಿದರು, ಅವರ ಮುದ್ರೆಯನ್ನೂ ಒತ್ತಿದರು. ದೊಡ್ಡ ಹರಾಜುಗಳಲ್ಲಿ ಅವು ಅಸಲಿ ಅಂತಲೇ ಮಾರಾಟವಾದವು. ಲೀಚ್ ಅವರನ್ನೇ ಕೇಳೋಣ ಅಂದರೆ ಅವರು 1979ರಲ್ಲೇ ತೀರಿಕೊಂಡಿದ್ದರು. ಪರಿಣತರೂ ಮೋಸಹೋದರು. ಯಾಕೆ? ಮುದ್ರೆ ಸರಿಯಾಗಿತ್ತಲ್ಲ!

ಈಗ ಇನ್ನೊಬ್ಬ ಕುಂಬಾರ ಹ್ಯಾನ್ಸ್ ಕೋಪರ್ ಅವರಿಗೆ ಬರೋಣ. 1939ರಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದವರು. 1946ರಲ್ಲಿ ಲಂಡನ್ನಿನಲ್ಲಿ ಕುಂಬಾರಿಕೆ ಕಲಾವಿದೆ ಲೂಸಿ ರೀ ಅವರ ಹತ್ತಿರ ಕೆಲಸಕ್ಕೆ ಸೇರಿದಾಗ ಕುಂಬಾರಿಕೆಯ ಗಂಧವೇ ಇರಲಿಲ್ಲ. ಸಿಕ್ಕ ಕೆಲಸ ಕೋಟಿನ ಗುಂಡಿ ಮಾಡುವುದು. ಮುಂದೆ ಅದೇ ಮನುಷ್ಯ ತಿಗರಿಯ ಮೇಲೆ ಭಾಗಗಳನ್ನು ಬೇರೆ ಬೇರೆ ಎತ್ತಿ, ಕೆಲವನ್ನು ಒತ್ತಿ ಚಪ್ಪಟೆ ಮಾಡಿ, ಒಂದಕ್ಕೊಂದು ಕೂಡಿಸಿದರು. ತೆಳು ಮಣ್ಣು ಬಳಿಯೋದು, ಕೆರೆಯೋದು, ಮತ್ತೆ ಬಳಿಯೋದು. ಕಪ್ಪು ಬಣ್ಣಕ್ಕೆ ಮ್ಯಾಂಗನೀಸ್. ಕೂಡಿಸಿದ ಜಾಗದಲ್ಲಿ ಬೆರಳಾಡಿಸಿ ನೋಡಿ, ಎಲ್ಲಿ ಒತ್ತಿದರು, ಎಲ್ಲಿ ಬಿಟ್ಟರು ಅಂತ ತಿಳಿಯುತ್ತದೆ. ‘ಎಚ್‌ಸಿ’ ಮುದ್ರೆ ಇದನ್ನೆಲ್ಲ ಹೇಳುವುದಿಲ್ಲ. 1962ರ ಕೊವೆಂಟ್ರಿ ಚರ್ಚಿನ ದೀಪಸ್ತಂಭಗಳನ್ನೂ ಹೀಗೇ ತುಂಡು ತುಂಡಾಗಿ ಮಾಡಿ ನಿಲ್ಲಿಸಿದರು.

ಎಪ್ಪತ್ತರ ದಶಕದಲ್ಲಿ 250 ಪೌಂಡಿಗೆ ಕೊಂಡು ಶೂ ಡಬ್ಬಿಯಲ್ಲಿ ಇಟ್ಟಿದ್ದ ಅವರ ಒಂದು ಹೂದಾನಿ 2018ರಲ್ಲಿ 3,81,000 ಪೌಂಡಿಗೆ ಹೋಯಿತು. ಮೂರು ಕೋಟಿ ರೂಪಾಯಿಗೂ ಜಾಸ್ತಿ. ದಯವಿಟ್ಟು ಈಗಲೇ ಮನೆಗೆ ಫೋನ್ ಮಾಡಿ ಅಟ್ಟ ಹುಡುಕಿಸಬೇಡಿ.

ಕಾರ್ನ್‌ವಾಲ್‌ನ ಟ್ರೊಯ್ಕಾ ಎಂಬ ಕುಂಬಾರಿಕೆ ಕಾರ್ಯಾಗಾರದ ಬಗ್ಗೆಯೂ ಹೇಳಬೇಕಿತ್ತು. ಅಲ್ಲಿ ಲೆಕ್ಕ ಬೇರೆ. ಅಲ್ಲಿನ ಮಡಕೆಗಳು ಅಚ್ಚಿನಲ್ಲಿ ಎರಕ ಹೊಯ್ದವು. ಆಕಾರ ಒಂದೇ ಇದ್ದರೂ ಮೇಲಿನ ಚಿತ್ತಾರ ಮಾಡಿದವರು ಬೇರೆ ಬೇರೆ. ತಳದ ಇನಿಷಿಯಲ್ ನೋಡಿದರೆ ಯಾರ ಕೈಕೆಲಸ ಅಂತ ಗೊತ್ತಾಗುತ್ತದೆ. ಹಾಗಾಗಿ ಅಲ್ಲಿ ಮುದ್ರೆಗೆ ಸ್ವಲ್ಪ ಬೆಲೆ ಕೊಡೋಣ. ಸ್ವಲ್ಪ ಮಾತ್ರ.

ಚೀಟಿ ಬಂತು, ಟೈಮ್ ಆಯ್ತಂತೆ. ಬೇಗ ಹೇಳಿ ಮುಗಿಸುತ್ತೇನೆ. ಬೆರಳಿನಿಂದ ಮೆಲ್ಲಗೆ ತಟ್ಟಿ, ದನಿ ಒಡಕಾಗಿದ್ದರೆ ಬಿರುಕಿದೆಯೇ ನೋಡಿ. ಕತ್ತಲಲ್ಲಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಹಿಡಿಯಿರಿ, ತೇಪೆ ಹಾಕಿದ್ದರೆ ಸಾಮಾನ್ಯವಾಗಿ ಬೇರೆ ಥರ ಹೊಳೆಯುತ್ತದೆ. ಒರಟು ಮೈಯನ್ನು ಉಜ್ಜಿ ತೊಳೆಯಬೇಡಿ. ವಿಮೆ, ರಸೀದಿ ವಿಷಯ ಇನ್ನೊಂದು ದಿನ ನೋಡೋಣ.

ಆ ಮೇಜಿನ ಮೇಲೆ ಕೆಲವು ಮಡಕೆ ಇಟ್ಟಿದ್ದೇನೆ. ಮುಟ್ಟಿ ನೋಡಿ. ಉಂಗುರ, ಬಳೆ ತೆಗೆದಿಟ್ಟು ಬನ್ನಿ, ಎರಡೂ ಕೈಯಲ್ಲಿ ಎತ್ತಿ. ತಳ ಮಾತ್ರ ಕೊನೆಗೆ ನೋಡಿ.